ಪುಣ್ಯಸ್ಮರಣೆಗೆ ಕಾದ ಕಿವಿ

ದಾನಿಗಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಎಂದು ನನಗೆ ಹಲವರು ಬುದ್ಧಿ ಹೇಳಿದ್ದಾರೆ. ಹೇಳಿದವರಲ್ಲಿ ಒಬ್ಬರೂ ದಾನಿಗಳ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ಕೂತವರಲ್ಲ. ನಾನು ಕೂತಿದ್ದೇನೆ. ಬಸವಾಪಟ್ಟಣದಲ್ಲಿ ಕಿವಿ ಕೇಳದ ಮಕ್ಕಳಿಗೊಂದು ಶಾಲೆ ನಡೆಸುತ್ತೇನೆ. ಶಾಲೆ ಎನ್ನುವುದು ದೊಡ್ಡ ಮಾತಾಯಿತು, ಹಿಟ್ಟಿನ ಗಿರಣಿಯ ಪಕ್ಕದ ಎರಡು ಕೋಣೆ ಅಷ್ಟೆ. ಗಿರಣಿಯ ಗದ್ದಲಕ್ಕೆ ಬೇರೆ ಯಾರೂ ಅಲ್ಲಿಗೆ ಬಾಡಿಗೆಗೆ ಬರುತ್ತಿರಲಿಲ್ಲ. ‘ನಿಮ್ಮ ಮಕ್ಕಳಿಗೇನು ತೊಂದ್ರೆ ಇಲ್ಲ ಬಿಡ್ರಿ’ ಎಂದು ಮಾಲೀಕ ನಗುತ್ತಾ ಬೀಗದ ಕೈ ಕೊಟ್ಟಾಗ ನಾನೂ ನಕ್ಕಿದ್ದೆ. ಹೀಗೆ ನಗಬಾರದ ಕಡೆಯಲ್ಲೆಲ್ಲ ನಕ್ಕೇ ಇಷ್ಟು ವರ್ಷ ಶಾಲೆ ನಡೆಸಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ಹೆಣ್ಣುಮಗು ಬಂತು. ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಅಪ್ಪ ಊರೂರು ತಿರುಗಿ ಗಾದಿಗೆ ಹತ್ತಿ ತುಂಬುವವನು, ತಾಯಿ ಮನೆಯಲ್ಲೇ ಕೂತು ಗಾದಿಯ ಗೌಸು ಹೊಲಿಯುವವಳು. ಮನೆಮಾತು ಉರ್ದು, ಬೀದಿಯಲ್ಲಿ ಕನ್ನಡ, ಮಗುವಿಗೆ ಎರಡೂ ಇಲ್ಲ. ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡುವವರು, ಒಳ್ಳೆಯ ಮಿಷನ್ ಹಾಕಿದರೆ ಈ ಮಗುವಿಗೆ ಕೇಳಿಸುತ್ತದೆ, ಮಾತೂ ಬರುತ್ತದೆ, ಆದರೆ ತಡ ಮಾಡಬೇಡಿ ಎಂದರು. ವಯಸ್ಸು ಮೀರಿದರೆ ಸದ್ದು ಕೇಳಿಸಿದರೂ ಮಾತು ಕೂರುವುದಿಲ್ಲ. ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ ಎಂದು ತಾಯಿಗೂ ಬಿಡಿಸಿ ಹೇಳಿದ್ದರು. ಸರ್ಕಾರದ ಶಿಬಿರ ನಡೆದ ದಿನ ಮಗು ಜ್ವರದಲ್ಲಿ ಮಲಗಿತ್ತು. ಮುಂದಿನ ಶಿಬಿರ ಯಾವಾಗ ಎಂದು ಕೇಳಿದರೆ ಹೇಳುವವರಿರಲಿಲ್ಲ. ಹಾಗಾಗಿ ನಾನು ಚನ್ನಗಿರಿಯ ಬಸ್ಸು ಹತ್ತಿದೆ.

ಅಲ್ಲಿ ಅಡಿಕೆ ವ್ಯಾಪಾರದ ಒಂದು ಮನೆತನ, ತೀರಿಹೋದ ಹಿರಿಯರ ಹೆಸರಲ್ಲಿ ಪ್ರತಿಷ್ಠಾನ ಮಾಡಿಕೊಂಡಿತ್ತು. ಮಂಡಿಯ ಮೇಲಿನ ಮಹಡಿಯೇ ಕಚೇರಿ. ಹಿರಿಯ ಮಗ ಅಧ್ಯಕ್ಷರು, ಅವರ ಸೊಸೆ ಕಾರ್ಯದರ್ಶಿ. ‘ಕಮಿಟಿಯಲ್ಲಿ ಇಡಬೇಕು’ ಎಂದು ಇಬ್ಬರೂ ಮಾತುಮಾತಿಗೂ ಹೇಳುತ್ತಿದ್ದರು. ಕಮಿಟಿ ಎಂದರೆ ಅವರಿಬ್ಬರು ಮತ್ತು ಊಟದ ಹೊತ್ತಿಗೆ ಸಿಗುವ ಮನೆಮಂದಿ ಎಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ.

ನಾನು ಕೊಟ್ಟ ಅರ್ಜಿಯನ್ನು ಸೊಸೆ ಪೂರ್ತಿ ಓದಲಿಲ್ಲ, ಫೋಟೊ ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು.

‘ಇದರಾಗೆ ಮಗು ನಗ್ತಾ ಐತಲ್ರೀ ಮೇಡಂ. ಕಮಿಟಿಯೋರು ನೋಡಿದ್ರೆ ಏನಂತಾರೆ? ಸ್ವಲ್ಪ ಪಾಪ ಅನ್ಸೋವಂಥದ್ದು ಇಲ್ವಾ?’

ಇಲ್ಲ ಎಂದೆ. ಆ ಮಗು ನಗುವುದೇ ಜಾಸ್ತಿ.

‘ಮನೇಲಿ ಉರ್ದು ಮಾತಾಡ್ತಾರೆ ಅಂತ ಬರ್ದೀರಿ. ಮಿಷನ್ ಹಾಕಿದ ಮೇಲೆ ಕನ್ನಡ ಕಲಿತೈತಾ?’

ಅಮ್ಮಾ, ಈಗ ಅದಕ್ಕೆ ಯಾವ ಭಾಷೆಯೂ ಇಲ್ಲ, ಅದಕ್ಕೇ ಅಲ್ಲವೇ ನಿಮ್ಮ ಬಾಗಿಲಿಗೆ ಬಂದಿರುವುದು ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ಹೇಳಿದ್ದು ಮಾತ್ರ ‘ಕಲಿಯತ್ತಮ್ಮ, ನಾನೇ ಕಲಿಸ್ತೀನಿ’ ಎಂದು. ಮರುದಿನ ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡು, ಅದು ಅಳುವಾಗ ಒಂದು ಫೋಟೊ ತೆಗೆದೆ. ಆಮೇಲೆ ಎರಡು ಬಿಸ್ಕತ್ತು ಕೊಟ್ಟೆ. ಕಮಿಟಿ ಒಪ್ಪಿತು.

ಇಲ್ಲಿ ಮಿಷನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಿವಿಯ ಹಿಂದೆ ಕೂರುವ ಯಂತ್ರ ಯಾವ ಮಗುವಿಗಾದರೂ ಆದೀತು. ಅದರ ತುದಿಗೆ ಕಿವಿಯೊಳಗೆ ಕೂರುವ ಒಂದು ಮೆತ್ತನೆಯ ತುಂಡು ಇರುತ್ತದೆ, ಮೋಲ್ಡ್ ಎನ್ನುತ್ತಾರೆ. ಅದು ಆಯಾ ಮಗುವಿನ ಕಿವಿಯ ಅಳತೆಯದೇ ಆಗಬೇಕು. ಕಿವಿಗೆ ಬಣ್ಣದ ಹಿಟ್ಟಿನಂಥದ್ದನ್ನು ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅದೇ ಅಚ್ಚಿನಲ್ಲಿ ಮಾಡುತ್ತಾರೆ. ದಾವಣಗೆರೆಯಲ್ಲಿ ಅಚ್ಚು ತೆಗೆಯುವಾಗ ಮಗು ನನ್ನ ಕೈ ಕಚ್ಚಿತು. ಹದಿನೈದು ದಿನಕ್ಕೆಲ್ಲ ಮಿಷನ್ನೂ ಮೋಲ್ಡೂ ಸಿದ್ಧವಾಗಿ ಚನ್ನಗಿರಿಗೆ ಬಂದವು. ಹಣ ಕೊಟ್ಟವರು ಪ್ರತಿಷ್ಠಾನದವರು, ಆದ್ದರಿಂದ ಡಬ್ಬಿ ಅವರ ಮಹಡಿಗೇ ಹೋಯಿತು.

ನಾನು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಓಡಿದೆ. ಅಧ್ಯಕ್ಷರು ಕಾಫಿ ತರಿಸಿದರು, ಮಗುವಿನ ತಲೆ ಸವರಿದರು. ಆಮೇಲೆ ಡಬ್ಬಿಯನ್ನು ನಮಗೆ ತೋರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

‘ನಮ್ಮಪ್ಪಾರ ಪುಣ್ಯಸ್ಮರಣೆ ದಿವ್ಸ ಎಲ್ಲಾರಿಗೂ ಒಟ್ಟಿಗೇ ಕೊಡೋದು ಮೇಡಂ. ಹೊನ್ನಾಳಿಯೋರಿಗೆ ಮೂರು ಗಾಲಿ ಸೈಕಲ್ಲು, ಜಗಳೂರು ಕಡೆಯೋರಿಗೆ ಹೊಲಿಗೆ ಮಿಷನ್ನು, ನ್ಯಾಮತಿಯೋರಿಗೆ ಕನ್ನಡಕ. ಎಲ್ಲಾ ಅವತ್ತೇ.’

ಪುಣ್ಯಸ್ಮರಣೆಗೆ ಇನ್ನೂ ಏಳು ತಿಂಗಳಿತ್ತು.

ಆ ಏಳು ತಿಂಗಳಲ್ಲಿ ನಾನು ಎಷ್ಟು ಸಲ ಆ ಮೆಟ್ಟಿಲು ಹತ್ತಿದೆನೋ ನೆನಪಿಲ್ಲ. ಕೈ ಮುಗಿದೆ, ಜಗಳ ಮಾಡಿದೆ, ಒಂದು ಸಲ ಅತ್ತೂ ಬಿಟ್ಟೆ. ಮಕ್ಕಳ ಕಿವಿ ಬೆಳೆಯುತ್ತದೆ, ಹೋದ ವರ್ಷದ ಚಪ್ಪಲಿ ಈ ವರ್ಷ ಆಗದ ಹಾಗೆ ಮೋಲ್ಡೂ ಆಗುವುದಿಲ್ಲ ಎಂದು ಹೇಳಿದೆ.

‘ಕಿವಿ ಬೆಳೀತಾವಾ?’ ಎಂದು ಅಧ್ಯಕ್ಷರು ನಕ್ಕು, ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಂಡರು.

‘ಈಗ ಕೊಟ್ಟುಬಿಡ್ರಿ ಸಾಹುಕಾರ್ರೇ. ಅವತ್ತು ನಾನೇ ಮಗೂನ ಕರ್ಕೊಂಡು ಬರ್ತೀನಿ. ಸ್ಟೇಜ್ ಮೇಲೆ ಇನ್ನೊಂದು ಸಲ ಕೊಡಿರಂತೆ. ಯಾರಿಗೆ ಗೊತ್ತಾಗತ್ತೆ?’

ಅವರ ಮುಖ ಗಂಭೀರವಾಯಿತು. ‘ಕೊಟ್ಟಿದ್ದನ್ನೇ ಮತ್ತೆ ಕೊಟ್ಟಂಗೆ ನಾಟಕ ಆಡಾಕೆ ನಂಗೆ ಬರಲ್ಲ ಮೇಡಂ. ನಮ್ಮಪ್ಪ ಸುಳ್ಳು ಅಂದ್ರೆ ಆಗದ ಮನುಷ್ಯ.’

ಮನಸ್ಸಿನಿಂದಲೇ ಹೇಳಿದ್ದರು. ಅದೇ ನನ್ನ ಹೊಟ್ಟೆ ಉರಿಸಿದ್ದು. ಕಳ್ಳನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಈ ಪ್ರಾಮಾಣಿಕ ಮನುಷ್ಯ ಒಂದು ಮಗುವಿನ ಏಳು ತಿಂಗಳನ್ನು ಬೀರುವಿನಲ್ಲಿಟ್ಟುಕೊಂಡು, ಬೆಳಿಗ್ಗೆ ಎದ್ದು ಅಪ್ಪನ ಫೋಟೊಕ್ಕೆ ಹೂವು ಏರಿಸುತ್ತಿದ್ದರು. ನಾನು ಅವರನ್ನು ದ್ವೇಷಿಸಿದೆ. ಇವತ್ತಿಗೂ ಆ ದ್ವೇಷ ಪೂರ್ತಿ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ.

ಆದರೆ ಕಡೆಯ ತಿಂಗಳು ನಾನು ಸುಮ್ಮನಾದೆ. ಯಾಕೆಂದರೆ ಅಷ್ಟರಲ್ಲಿ ಇನ್ನೂ ಮೂರು ಮಕ್ಕಳ ಅರ್ಜಿಗಳು ನನ್ನ ಕೈಯಲ್ಲಿದ್ದವು. ಸೊಸೆ ಒಂದು ದಿನ ನಯವಾಗಿಯೇ, ‘ಇಷ್ಟು ತಕರಾರು ಮಾಡಿದ್ರೆ ಮುಂದಿಂದು ಹೆಂಗ್ರೀ ಮೇಡಂ?’ ಎಂದಿದ್ದರು.

ಪುಣ್ಯಸ್ಮರಣೆ ಚನ್ನಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ತಾಯಿ ಮಗುವಿಗೆ ಹಬ್ಬದ ಹಸಿರು ಫ್ರಾಕು ಹಾಕಿ ಕರೆತಂದಿದ್ದಳು. ಭಾಷಣಗಳು ಮುಗಿಯುವ ಹೊತ್ತಿಗೆ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಮ್ಮ ಸರದಿ ಬಂದಾಗ ಎಬ್ಬಿಸಿ ವೇದಿಕೆ ಹತ್ತಿಸಿದೆವು. ಡಬ್ಬಿ ತೆರೆದು ನಾನೇ ಮೋಲ್ಡನ್ನು ಕಿವಿಗಿಟ್ಟೆ. ಒಳಗೆ ಸಡಿಲವಾಗಿ ಅಲ್ಲಾಡಿತು. ಗೊತ್ತಿದ್ದ ಸಂಗತಿಯೇ. ಮಿಷನ್ ಆನ್ ಮಾಡಿದೆ.

ಮೋಲ್ಡ್ ಸಡಿಲವಿದ್ದರೆ ಮಿಷನ್ ಕುಯ್ಯೆಂದು ಸಿಳ್ಳೆ ಹೊಡೆಯುತ್ತದೆ. ಅಧ್ಯಕ್ಷರು ಹಿಡಿದಿದ್ದ ಮೈಕು ಪಕ್ಕದಲ್ಲೇ ಇತ್ತು. ಆ ಸಿಳ್ಳೆ ಇಡೀ ಮಂಟಪಕ್ಕೆ ಕೇಳಿಸಿತು. ಮಗು ಮಾತ್ರ ನಿದ್ದೆಗಣ್ಣಲ್ಲಿ ಸುಮ್ಮನೆ ನಿಂತಿತ್ತು.

‘ನೋಡ್ರಿ, ನೋಡ್ರಿ, ಮಿಷನ್ ಮಾತಾಡಾಕೆ ಶುರು ಮಾಡ್ತು!’ ಎಂದರು ಅಧ್ಯಕ್ಷರು. ಅವರ ಕಣ್ಣು ತುಂಬಿದ್ದವು. ಜನ ಚಪ್ಪಾಳೆ ತಟ್ಟಿದರು. ಮಗುವಿನ ತಾಯಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಆಗ ನಾನು ಹೇಳಬಹುದಿತ್ತು. ಮೈಕು ಒಂದು ಮೊಳ ದೂರದಲ್ಲಿತ್ತು. ಇದು ಮಾತಲ್ಲ, ತಡವಾಗಿದ್ದಕ್ಕೆ ಬಂದ ಸದ್ದು ಎಂದು ಅಷ್ಟು ಜನರ ಮುಂದೆ ಹೇಳಿ ಏಳು ತಿಂಗಳ ಸಿಟ್ಟನ್ನು ತೀರಿಸಿಕೊಳ್ಳಬಹುದಿತ್ತು. ಬದಲಿಗೆ ನಾನು ಮಗುವಿನ ಕೂದಲು ಸರಿಮಾಡುವವಳಂತೆ ಬಾಗಿ, ಮಿಷನ್ ಆಫ್ ಮಾಡಿದೆ. ಸಿಳ್ಳೆ ನಿಂತಿತು. ಫೋಟೊಗ್ರಾಫರ್ ನಗಿರಿ ಎಂದ. ಮಗು ನಕ್ಕಿತು. ನಾನೂ ನಕ್ಕೆ.

ಬಸವಾಪಟ್ಟಣದ ಬಸ್ಸಿನಲ್ಲಿ ತಾಯಿ ಮಗು ಕಿಟಕಿಯ ಪಕ್ಕ ಕೂತರು, ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಟದ್ದೇ ತಡ, ಆ ಹೆಂಗಸು ಮಗುವಿನ ಕಿವಿಗೆ ಬಾಯಿಟ್ಟು ‘ಬೇಟಿ’ ಎಂದಳು. ಕಾದಳು. ಮತ್ತೆ ‘ಬೇಟಿ’ ಎಂದಳು. ಮಗು ಕಿಟಕಿಯ ಹೊರಗೆ ನೋಡುತ್ತಿತ್ತು. ಸ್ವಲ್ಪ ಜೋರಾಗಿ, ಸ್ವಲ್ಪ ಮೆಲ್ಲಗೆ, ಆ ಕಿವಿಯ ಪಕ್ಕದಿಂದ, ಕೊರಳ ಹಿಂದಿನಿಂದ, ರಾಗವಾಗಿ, ಕಡೆಗೆ ಬೈಯುವ ಹಾಗೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕೂಡ ಒಂದು ಗಳಿಗೆ ನಿಂತು ನೋಡಿದ. ದಾರಿ ಅರ್ಧ ಮುಗಿಯುವವರೆಗೂ ಅವಳು ಕರೆಯುವುದನ್ನು ಬಿಡಲಿಲ್ಲ. ಅಷ್ಟು ಹೊತ್ತೂ ನಾನು ಹಿಂದೆ ಕೂತು ಅವಳ ಬೆನ್ನನ್ನು ನೋಡುತ್ತಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಕೊನೆಗೆ ಅವಳೇ ತಿರುಗಿದಳು.

‘ಮೇಡಂ, ಈಗ ಕೇಳಿಸ್ತೈತಲ್ಲ? ಮತ್ತೆ ಯಾಕೆ ನೋಡವಲ್ಲದು?’

‘ಅದು ಆಫ್ ಐತಮ್ಮ,’ ಎಂದೆ. ‘ಮೋಲ್ಡು ಸಣ್ಣದಾಗೈತೆ. ಸಿಳ್ಳೆ ಹೊಡೀತಿತ್ತು ಅಂತ ಸ್ಟೇಜ್ ಮೇಲೇ ಆಫ್ ಮಾಡಿದೆ.’

ಅವಳು ನನ್ನನ್ನೇ ನೋಡಿದಳು. ‘ಹಂಗಾರೆ ಅವರು ಚಪ್ಪಾಳೆ ಹೊಡೆದಿದ್ದು?’

ಅವಳು ಮುಂದೆ ತಿರುಗಿ, ಮಿಷನ್ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಹೊಸ ಮೋಲ್ಡಿಗೆಂದು ಪ್ರತಿಷ್ಠಾನಕ್ಕೆ ಫೋನ್ ಮಾಡಿದರೆ, ಒಬ್ಬರಿಗೆ ಒಂದೇ ಸಲ ಎಂಬ ನಿಯಮವಿದೆ ಎಂದು ಸೊಸೆ ಹೇಳಿದರು. ಫೋಟೊ ಬಹಳ ಚೆನ್ನಾಗಿ ಬಂದಿದೆ ಎಂದೂ ಹೇಳಿದರು. ಫೋನ್ ಇಟ್ಟು ಬಾಯಿಗೆ ಬಂದದ್ದೆಲ್ಲ ಬೈದೆ. ಗಿರಣಿ ನಡೆಯುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ. ಆಮೇಲೆ ನಾನೇ ದಾವಣಗೆರೆಗೆ ಕರೆದುಕೊಂಡು ಹೋಗಿ ಮತ್ತೆ ಅಚ್ಚು ತೆಗೆಸಿದೆ. ಮೋಲ್ಡು ನನ್ನ ಕೈಯಿಂದಲೂ ಆಗುವಂಥ ಖರ್ಚು. ಮಿಷನ್ ಆ ಬೀರುವಿನಿಂದ ಹೊರಗೆ ಬಂದಿದ್ದರೆ ಏಳು ತಿಂಗಳ ಹಿಂದೆಯೇ ಎಲ್ಲ ಮುಗಿಯುತ್ತಿತ್ತು.

ಮೋಲ್ಡ್ ಬಂದ ದಿನ ತಾಯಿ ದಾವಣಗೆರೆಗೆ ಬಂದಳು, ಆದರೆ ಅಲ್ಲಿ ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತಳು. ಮಗು ನಮಗೆ ಬೆನ್ನು ಹಾಕಿ ನೆಲದ ಮೇಲೆ ಪ್ಲಾಸ್ಟಿಕ್ ಬಳೆಗಳನ್ನು ಕಡ್ಡಿಗೆ ಪೋಣಿಸುತ್ತಿತ್ತು. ಪರೀಕ್ಷೆಯವರು ಮಿಷನ್ ಹಾಕಿ ಆನ್ ಮಾಡಿದರು. ಸಿಳ್ಳೆ ಇರಲಿಲ್ಲ.

‘ಈಗ ಹಿಂದಿನಿಂದ ಒಂದು ಸಲ ಕರೀರಿ,’ ಎಂದು ತಾಯಿಗೆ ಹೇಳಿದರು.

ಅವಳು ಎದ್ದು ಬಂದು ಮಗುವಿನ ಹಿಂದೆ ನಿಂತಳು. ನನ್ನತ್ತ ನೋಡಿ, ‘ನೀವು ಕರೀರಿ’ ಎಂದಳು.

‘ತಾಯಿ ನೀನು. ನೀನೇ ಕರಿಯಮ್ಮ.’

‘ನಾ ಅವತ್ತು ಬಸ್ಸಿನಾಗೆ ಕರೆದೀನಿ ಮೇಡಂ. ಇನ್ನೊಂದು ಸಲ ಹಂಗೆ ಕರೆಯಾಕೆ ನನ್ನ ಕೈಲಾಗಲ್ಲ. ಮೊದ್ಲು ನೀವು ಕರೀರಿ. ತಿರುಗಿದ್ರೆ ಆಮೇಲೆ ನಾ ಕರೀತೀನಿ.’

ಬೇಡ ಎಂದೆ. ಅವಳು ಕೈ ಕಟ್ಟಿಕೊಂಡು ಹಾಗೇ ನಿಂತಳು. ಪರೀಕ್ಷೆಯವರು ಗಡಿಯಾರ ನೋಡಿದರು. ಕಡೆಗೆ ನಾನೇ ‘ಪುಟ್ಟೀ’ ಎಂದು ಕೂಗಿದೆ.

ಬಳೆ ಹಿಡಿದಿದ್ದ ಕೈ ಗಾಳಿಯಲ್ಲೇ ನಿಂತಿತು. ಮಗು ತಿರುಗಿತು. ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಮಗು ಕಣ್ಣರಳಿಸಿ ನೋಡಿದ್ದು ನನ್ನ ಮುಖವನ್ನು.