ಕರೆಂಟ್ ಹೋಗಿ ಬಂದ ಮೇಲೆ

ಸೊಸೆಯ ಕೆಲಸ ಏನೆಂದು ಅತ್ತೆಗೆ ಅರ್ಥವಾಗುವಷ್ಟರಲ್ಲಿ ಸಾಕುಬೇಕಾಗಿತ್ತು. ಯಾರೋ ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟ ಡೇಟಾಬೇಸನ್ನು ಇವಳು ಪ್ಯಾಕೇಜ್ ಮಾಡುತ್ತಾಳೆ, ಅಂದರೆ ಯಾರು ಬೇಕಾದರೂ ಸಲೀಸಾಗಿ ಹಾಕಿಕೊಳ್ಳುವಂತೆ ಕಟ್ಟಿಕೊಡುತ್ತಾಳೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಅದನ್ನು ಎಬ್ಬಿಸುವ ಸ್ಕ್ರಿಪ್ಟು, ಅಂದರೆ ನಾಲ್ಕು ಸಾಲಿನ ಆಜ್ಞೆಗಳ ಪಟ್ಟಿ, ಅದೂ ಇವಳದೇ.

"ಇದಕ್ಕೆ ಏನು ಕೊಡ್ತಾರೆ?" ಎಂದು ಅತ್ತೆ ಕೇಳಿದ್ದರು.

"ಬೈಗುಳ," ಎಂದಿದ್ದಳು ಸೊಸೆ.

ಈ ಸಲದ್ದು ಒಂದು ಕಣ್ಣಾಸ್ಪತ್ರೆಯಿಂದ ಬಂದಿತ್ತು. ಕರೆಂಟ್ ಹೋಗಿ ಬಂದರೆ ರೋಗಿಗಳ ವಿವರವೆಲ್ಲ ಇರುವ ಡೇಟಾಬೇಸ್ ಏಳುವುದೇ ಇಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಬೆಂಚಿನ ಮೇಲೆ ಕಾಯುತ್ತ ಕೂರುತ್ತಾರೆ ಎಂದು ಅಲ್ಲಿನ ರಿಸೆಪ್ಷನಿಸ್ಟ್ ದೂರಿದ್ದಳು. ಇಂಥ ಪ್ಯಾಕೇಜುಗಳನ್ನೆಲ್ಲ ಒಟ್ಟು ಸೇರಿಸಿ ಹಂಚುವ ತಂಡದ ಹಿರಿಯ ಫೋನ್ ಮಾಡಿ, "ಸಂಜೆಯೊಳಗೆ ಸರಿಹೋಗದಿದ್ರೆ ಹೊಸ ಆವೃತ್ತಿಯಿಂದ ನಿನ್ನ ಪ್ಯಾಕೇಜ್ ಕೈಬಿಡ್ತೀವಮ್ಮ, ಬೇಜಾರು ಮಾಡ್ಕೋಬೇಡ," ಎಂದ. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದನ್ನು ಕಿತ್ತು ಬಿಸಾಡುತ್ತಾರಂತೆ, ಬೇಜಾರು ಮಾತ್ರ ಮಾಡಿಕೊಳ್ಳಬಾರದಂತೆ!

ಊಟದ ಮೇಜಿನ ಮೇಲಿದ್ದ ಹಳೇ ಕಂಪ್ಯೂಟರನ್ನು ಬೆಳಗಿನಿಂದ ಆರಿಸಿದ್ದೇ ಆರಿಸಿದ್ದು, ಹಚ್ಚಿದ್ದೇ ಹಚ್ಚಿದ್ದು. ಡೇಟಾಬೇಸ್ ಪ್ರತಿ ಸಲವೂ ಜಾಣೆಯ ಹಾಗೆ ಎದ್ದು ಕೂರುತ್ತಿತ್ತು. ಏಳದೆ ಏನು? ಇವಳು ಗ್ಯಾಸ್ ಆರಿಸಿದ ಮೇಲೂ ಎರಡು ಸಲ ತಿರುಗಿ ನೋಡುವ ಪೈಕಿ. ಮಷೀನನ್ನೂ ಹಾಗೆಯೇ, ಎಲ್ಲವನ್ನೂ ಒಂದೊಂದಾಗಿ ಮುಚ್ಚಿಯೇ ಆರಿಸುತ್ತಿದ್ದಳು. ಕರೆಂಟು ಹಾಗೆ ಹೇಳಿ ಕೇಳಿ ಹೋಗುತ್ತದೆಯೇ?

ಮಧ್ಯಾಹ್ನ ಅತ್ತೆ ಇಸ್ತ್ರಿಪೆಟ್ಟಿಗೆ ಹಿಡಿದು ಬಂದವರೇ ಕಂಪ್ಯೂಟರಿನ ಪ್ಲಗ್ ಕಿತ್ತರು. ಸೊಸೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಅತ್ತೇ!"

"ಒಂದು ಅಂಗಿ ಕಣೇ, ಪ್ರಾಣ ಹೋದೋರ ಹಾಗೆ ಯಾಕೆ ಕೂಗ್ತೀಯ?"

ಮಷೀನು ಮತ್ತೆ ಹಚ್ಚಿದರೆ ಡೇಟಾಬೇಸ್ ಏಳಲಿಲ್ಲ. ಆಸ್ಪತ್ರೆಯ ತೊಂದರೆ ಕೊನೆಗೂ ಕಣ್ಣೆದುರೇ ಸಿಕ್ಕಿತ್ತು, ಸೊಸೆಯ ಮುಖ ಅರಳಿತು. ಓಡುತ್ತಿರುವಾಗ ಡೇಟಾಬೇಸ್ 'ಒಳಗಿದ್ದೇನೆ' ಎಂದು ಒಂದು ಪುಟ್ಟ ಫೈಲ್ ಇಟ್ಟಿರುತ್ತದೆ, ಹೋಗುವಾಗ ತೆಗೆಯುತ್ತದೆ. ಪ್ಲಗ್ ಕಿತ್ತರೆ ತೆಗೆಯುವವರು ಯಾರು? ಬಾಗಿಲಲ್ಲಿ ಚಪ್ಪಲಿ ಕಂಡು ಮನೆಯಲ್ಲಿ ಜನ ಇದ್ದಾರೆ ಅಂದುಕೊಂಡವರ ಹಾಗೆ ಸ್ಕ್ರಿಪ್ಟು ಸುಮ್ಮನೆ ವಾಪಸಾಗುತ್ತಿತ್ತು. ಫೈಲ್ ಕಂಡರೂ ಡೇಟಾಬೇಸ್ ನಿಜಕ್ಕೂ ಒಳಗಿದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಎಬ್ಬಿಸುವಂತೆ ಅವಳು ಸ್ಕ್ರಿಪ್ಟನ್ನು ತಿದ್ದಿದಳು.

"ಅತ್ತೆ, ಇನ್ನೊಂದ್ಸಲ ಕೀಳಿ."

"ಆಗ ಕಿರುಚಿದೆ, ಈಗ ಕೀಳು ಅಂತೀಯ. ತಲೆ ನೆಟ್ಟಗಿದೆ ತಾನೆ?" ಎನ್ನುತ್ತಲೇ ಅತ್ತೆ ಕಿತ್ತರು. ಹಚ್ಚಿದಾಗ ಡೇಟಾಬೇಸ್ ಎದ್ದಿತು.

ಹೊಸ ಪ್ಯಾಕೇಜನ್ನು ಕಣ್ಣಾಸ್ಪತ್ರೆಗೆ ಕಳಿಸಿ ಅವಳು ಉಗುರು ಕಚ್ಚುತ್ತ ಕೂತಳು. ಹೊತ್ತು ಇಳಿಯುವಾಗ ರಿಸೆಪ್ಷನಿಸ್ಟಳ ಮೆಸೇಜ್ ಬಂತು: 'ಈಗ ತಾನೆ ಕರೆಂಟ್ ಹೋಗಿ ಬಂತು. ಏನೂ ಆಗಲಿಲ್ಲ.' ಅದರ ಬೆನ್ನಿಗೇ ಹಿರಿಯನದು: 'ಪ್ಯಾಕೇಜ್ ಉಳೀತು.'

ಅವಳ ಕಣ್ಣು ತುಂಬಿತು. ಅತ್ತೆ ಇಣುಕಿ ನೋಡಿದರು.

"ಏನೂ ಆಗ್ಲಿಲ್ಲ ಅಂದ್ರೆ ಅದಕ್ಕೆ ಅಳ್ತಾರೇನೇ?"

"ಏನೂ ಆಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ ಅತ್ತೆ. ಚೆನ್ನಾಗಿ ಮಾಡಿದ್ರೆ ಯಾರಿಗೂ ಗೊತ್ತೇ ಆಗಲ್ಲ."

ಮಡಿಸುತ್ತಿದ್ದ ಅಂಗಿ ಅತ್ತೆಯ ಕೈಯಲ್ಲೇ ನಿಂತಿತು.

"ಅಯ್ಯೋ, ಇಷ್ಟು ವರ್ಷ ನಾನು ಈ ಮನೇಲಿ ಮಾಡಿದ್ದೂ ಅದೇ ಅಲ್ವೇನೇ," ಎಂದರು.