ದ್ವೀಪದ ಜಾಗದ ಚಕ್ಕುಬಂದಿ

ನಾನು ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಮಗಳ ಮನೆಯಲ್ಲಿದ್ದಾಗ, ಅಳಿಯ ಇಂಡೋನೇಷ್ಯಾದ ದೂರದ ದ್ವೀಪವೊಂದರ ಹಳ್ಳಿಯಲ್ಲಿ ಕಡಲತೀರದ ಜಾಗವನ್ನು ಗುತ್ತಿಗೆಗೆ ಪಡೆಯಲು ಹೊರಟಿದ್ದ. ಮರುದಿನವೇ ಸಹಿ ಹಾಕಬೇಕಿತ್ತು. ಅವನು ತೋರಿಸಿದ ಚಿತ್ರಗಳಲ್ಲಿ ಒಬ್ಬ ನರಮನುಷ್ಯನೂ ಇರಲಿಲ್ಲ.

"ಚಕ್ಕುಬಂದಿ ಏನು?" ಎಂದೆ.

"ಮಾವ, ಇದೇನು ನಮ್ಮೂರ ಸೈಟಾ? ಸುತ್ತ ಎಲ್ಲಾ ಖಾಲಿ. ಚೆಕ್ ಮಾಡಿದೀನಿ."

ಶಾಲೆ ಬಿಟ್ಟ ಮೇಲೆ ಹಳೆಯ ಕ್ರಯಪತ್ರಗಳನ್ನು ಓದಿಯೇ ಅಕ್ಷರ ಗಟ್ಟಿಮಾಡಿಕೊಂಡವನು ನಾನು. ನಾಲ್ಕು ದಿಕ್ಕಿಗೆ ಏನಿದೆಯೆಂದು ಹೇಳದ ಜಮೀನನ್ನು ನಂಬಿದವನಲ್ಲ. ಸಂಜೆ ಆ ದ್ವೀಪದಿಂದ ದಲ್ಲಾಳಿಯ ವಿಡಿಯೊ ಕರೆ ಬಂದಾಗ ಅಲ್ಲಿ ಬೆಳಗಾಗಿತ್ತು. ಫೋನನ್ನು ನಾಲ್ಕೂ ಕಡೆ ತಿರುಗಿಸುವಂತೆ ಹಟ ಹಿಡಿದೆ.

ಪಶ್ಚಿಮಕ್ಕೆ ಕಡಲು, ದಡಕ್ಕೆಳೆದ ದೋಣಿಗಳು. ಉತ್ತರಕ್ಕೆ ಊರಿನ ಹಿರಿಯರ ಸಮಾಧಿಗಳು. ದಕ್ಷಿಣದಲ್ಲಿ ಮಕ್ಕಳು ವಾಲಿಬಾಲ್ ಬಿಟ್ಟು ಕ್ಯಾಮೆರಾಕ್ಕೆ ಮುಗಿಬಿದ್ದರು. ಪೂರ್ವಕ್ಕೆ ಅಜ್ಜಿಯೊಬ್ಬರು ಚಾಪೆಯ ಮೇಲೆ ಲವಂಗ ಹರಡುತ್ತಿದ್ದರು. ಅವರು ಏನೋ ಕೇಳಿದರು. ದಲ್ಲಾಳಿ ತಲೆ ಕೆರೆದುಕೊಳ್ಳುತ್ತ ಇಂಗ್ಲಿಷಿನಲ್ಲಿ ತಿಳಿಸಿದ: ಇಲ್ಲಿ ಬೇಲಿ ಹಾಕಿದರೆ ಊರಿನವರು ಲವಂಗ ಒಣಗಿಸುವುದೆಲ್ಲಿ? ಜಾಗ ಕೇಳುವವರಿಗೆ ಸಮುದ್ರ ನೋಡುವ ಆಸೆಯಿದ್ದರೆ ನಮ್ಮ ಮನೆಯಲ್ಲೇ ಬಂದು ಇರಲಿ.

"ಖಾಲಿ ಅಂದ್ರಲ್ಲ, ಅಳಿಯಂದ್ರೇ?"

ಅವನಿಗೂ ನಗು ತಡೆಯಲಾಗಲಿಲ್ಲ. "ಸಾಕು ಬಿಡಿ ಮಾವ, ಸೈನ್ ಮಾಡಲ್ಲ. ಅಜ್ಜಿ ಮನೆಗೆ ಟಿಕೆಟ್ ಬುಕ್ ಮಾಡ್ತೀನಿ."

ಮರುವರ್ಷ ನಾವೆಲ್ಲ ಹೋದೆವು. ಮೊದಲ ಬೆಳಿಗ್ಗೆಯೇ ಅಜ್ಜಿ ಅಳಿಯನ ಕೈಗೆ ಲವಂಗದ ಬುಟ್ಟಿ ಕೊಟ್ಟು, ಪೂರ್ವದ ಚಾಪೆ ತೋರಿಸಿದರು.