ತುಂಬಿದ ಡಿಸ್ಕಿಗೆ ವಿಭೂತಿ

ಕಂಪ್ಯೂಟರ್ ಕೆಟ್ಟಿರಲಿಲ್ಲ. ನನ್ನ ಮಗ ಅದರೊಳಗೆ ಉಸಿರಾಡಲು ಜಾಗವಿಲ್ಲದಂತೆ ಕಸ ತುಂಬಿದ್ದ, ಅದು ನಮ್ಮನ್ನು ಒಳಗೆ ಬಿಡಲಿಲ್ಲ. ನಡೆದದ್ದು ಇಷ್ಟೇ. ಈಗಲೂ ನಮ್ಮ ಮನೆಯಲ್ಲಿ ಈ ಮಾತು ಬಂದರೆ ವೈರಸ್ಸು ಎನ್ನುವವರಿದ್ದಾರೆ, ದೃಷ್ಟಿ ಎನ್ನುವವರಿದ್ದಾರೆ, ಲಿನಕ್ಸ್ ಎಂಬುದೇ ಸರಿಯಿಲ್ಲ ಎನ್ನುವವರೂ ಇದ್ದಾರೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಆದರೆ ಆ ಎರಡು ದಿನ ಆ ಪರದೆಯನ್ನು ಕಣ್ಣುಬಿಟ್ಟು ನೋಡಿದವಳು ನಾನೊಬ್ಬಳೇ. ಉಳಿದವರು ಅದರ ಮುಂದೆ ನಿಂತು ಮಾತಾಡಿದರು.

ನಮ್ಮದು ಹೊನ್ನವಳ್ಳಿ ಪಕ್ಕದ ತೋಟದ ಮನೆ. ನಾನು, ಮಗ, ಸೊಸೆ, ಮೊಮ್ಮಗಳು. ಮೊಮ್ಮಗಳು ದಿನಾ ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಓದುತ್ತಿದ್ದಳು, ಎಂ.ಎಸ್ಸಿ. ಕೊನೆಯ ವರ್ಷ. ನಮ್ಮದೇ ತೋಟದ ನಲವತ್ತು ತೆಂಗಿನ ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆದು, ಕಾಂಡದಿಂದ ಕೆಂಪು ರಸ ಸೋರುವ ರೋಗ ಯಾವ ಮರದಲ್ಲಿ ಎಷ್ಟು ಮೇಲಕ್ಕೆ ಹತ್ತಿತು ಎಂದು ಎಂಟು ತಿಂಗಳು, ಪ್ರತಿ ಭಾನುವಾರ, ಟೇಪು ಹಿಡಿದು ಅಳೆದಿದ್ದಳು. ಅಳೆದರೆ ರೋಗ ನಿಲ್ಲುತ್ತದೆಯೇ ಎಂದು ನಾನೂ ಕೇಳಿದ್ದೆ. ನಿಲ್ಲುವುದಿಲ್ಲ, ಆದರೆ ಯಾವಾಗ ಓಡುತ್ತದೆ ಎಂದು ತಿಳಿಯುತ್ತದೆ ಎಂದಿದ್ದಳು. ಮಾತು ಸರಿ ಅನ್ನಿಸಿತು, ಸುಮ್ಮನಾದೆ.

ಆ ವರದಿಯನ್ನು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಅಚ್ಚು ಹಾಕಿಸಿ ಕಾಲೇಜಿಗೆ ಕೊಡಬೇಕಿತ್ತು. ಕೊಡದಿದ್ದರೆ ಪಾಸಿಲ್ಲ, ಇನ್ನೊಂದು ವರ್ಷ ಓದಬೇಕು. ಓದಿಸುವ ಮನಸ್ಸು ಅವಳ ಅಪ್ಪನಿಗಿರಲಿಲ್ಲ. ಗಂಡು ನೋಡುವ ಮಾತನ್ನು ಆಗಲೇ ಎರಡು ಸಲ ಎತ್ತಿದ್ದ. ಈ ವರ್ಷ ತಪ್ಪಿದರೆ ಅವಳ ಓದು ಅಲ್ಲಿಗೇ ಮುಗಿಯಿತು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಳತೆ ಬರೆದುಕೊಂಡ ನೋಟ್‌ಬುಕ್ ಒಂದಿತ್ತು. ಅದನ್ನು ಹಂಡೆ ಒಲೆಗೆ ಹಾಕಿದವಳು ನಾನು. ಯಾವಾಗಲೋ ಮಳೆಗೆ ನೆನೆದು, ಒಣಗಿ, ಉಬ್ಬಿಕೊಂಡು ಬಚ್ಚಲ ಪಕ್ಕ ಬಿದ್ದಿತ್ತು. ಎಲ್ಲ ಕಂಪ್ಯೂಟರಿಗೆ ಹಾಕಿ ಆಯಿತು ಎಂದು ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ಒಂದು ಹಂಡೆ ನೀರು ಕಾಯಿಸಿದೆ. ಕೇಳಿ ಹಾಕಬೇಕಿತ್ತು, ಕೇಳಲಿಲ್ಲ.

ಇನ್ನು ಕಂಪ್ಯೂಟರು. ಅವಳ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ, ಕೆಂಕೆರೆ ಕಡೆಯ ಹೆಂಗಸೊಬ್ಬರು ತಮ್ಮ ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ವಿಂಡೋಸ್ ಬದಲಿಗೆ ಬಿಟ್ಟಿ ಸಿಗುವ ಲಿನಕ್ಸ್ ಎಂಬುದನ್ನು ತಾವೇ ಹಾಕಿಕೊಟ್ಟಿದ್ದರು. ಹಳೆಯದಾದರೂ ಚೆನ್ನಾಗಿ ನಡೆಯುತ್ತಿತ್ತು, ನನ್ನ ಮಗ ಕೈ ಹಾಕುವವರೆಗೆ.

ಅವನು ಕೈ ಹಾಕಿದ್ದು ಅಟ್ಟದ ದೆಸೆಯಿಂದ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎಂದ ಮೇಲೆಯೇ ಇಳಿಸಿ ಒಡೆಯುವುದು. ಹಿಂದಿನ ಸಲ ಇಳಿಸಿದಾಗ ಎರಡು ಮೂಟೆ ಕಡಿಮೆ ಬಂತೆಂದು ಮಗನ ತಲೆಗೆ ಹೊಕ್ಕಿತು. ಕೊಳೆತದ್ದೆಷ್ಟು, ಇಲಿ ಕೊರೆದದ್ದೆಷ್ಟು ಎಂದು ನೋಡಲಿಲ್ಲ. ಪಕ್ಕದ ತೋಟದ ದಾಯಾದಿಯೇ ಕದ್ದದ್ದು ಎಂದು ಊಟಕ್ಕೆ ಕೂತಲ್ಲೇ ತೀರ್ಮಾನ ಮಾಡಿದ. ಈ ಸಲ ಕಾಯಿ ಅಟ್ಟಕ್ಕೆ ಹಾಕಿದ ದಿನವೇ ಅಟ್ಟದ ತೊಲೆಗೆ ಕ್ಯಾಮೆರಾ ಹೊಡೆಸಿ, ಅದರ ವೈರನ್ನು ಮಗಳ ಕಂಪ್ಯೂಟರಿಗೆ ಸಿಕ್ಕಿಸಿದ. ಅದು ಹಗಲೂ ರಾತ್ರಿ ಅಟ್ಟವನ್ನು ನೋಡುತ್ತಾ, ನೋಡಿದ್ದನ್ನೆಲ್ಲ ಒಳಗೆ ತುಂಬುತ್ತಾ ಕೂತಿತು.

ಕ್ಯಾಮೆರಾ ಹೊಡೆಯಲು ಬಂದವನು ವಾರವಾದದ್ದು ತಾನಾಗಿ ಅಳಿಸಿಹೋಗುವ ಹಾಗೆ ಇಡುತ್ತೇನೆ ಎಂದನಂತೆ. ಮಗ ಬೇಡ ಎಂದ. ಕಾಯಿ ಇಳಿಯುವವರೆಗೆ ಅದನ್ನೂ ಮುಟ್ಟಕೂಡದು. ಇಳಿಸಿದಾಗ ಕಡಿಮೆ ಬಂದರೆ ಆಗ ಮೊದಲಿನಿಂದ ನೋಡುವುದು ಎಂದ. ಕೊಬ್ಬರಿಯವರ ಬುದ್ಧಿ ಇದು. ಮುಚ್ಚಿಟ್ಟು ಹನ್ನೊಂದು ತಿಂಗಳು ಬಿಟ್ಟರೆ ಯಾವುದಾದರೂ ಬಲಿಯುತ್ತದೆ ಎಂದುಕೊಂಡವರು. ಬೇರೆ ಬೆಳೆಯವನಾಗಿದ್ದರೆ ಅಳಿಸು ಎನ್ನುತ್ತಿದ್ದನೋ ಏನೋ.

ಶನಿವಾರ ಬೆಳಿಗ್ಗೆ ತಿಂಡಿ ತಿಂದು ಮೊಮ್ಮಗಳು ಕೂತಳು. ಪರದೆಯ ಮೇಲೆ ಅವಳ ಹೆಸರು ಬಂತು. ಪಾಸ್‌ವರ್ಡ್ ಹೊಡೆದಳು. ಒಂದು ಗಳಿಗೆ ಕಪ್ಪಾಗಿ ಮತ್ತೆ ಅದೇ ಹೆಸರು ಬಂದು ನಿಂತಿತು. ಮತ್ತೆ ಹೊಡೆದಳು, ಮತ್ತೆ ಅದೇ. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಹತ್ತು ಸಲ ಹೊಡೆದಳು, ಹನ್ನೊಂದನೆಯ ಸಲ ಅವಸರದಲ್ಲಿ ಅಕ್ಷರ ತಪ್ಪಿಸಿದಳು. ಆಗ ಅದು ಕಪ್ಪಾಗಲಿಲ್ಲ. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಏನು ಬರೆದಿದೆ ಎಂದು ಕೇಳಿದೆ. ಪಾಸ್‌ವರ್ಡ್ ತಪ್ಪು ಎಂದು ಬರೆದಿದೆ ಎಂದಳು. ಅಂದರೆ ತಪ್ಪು ಹೊಡೆದರೆ ಬಾಯಿಬಿಟ್ಟು ಬೈಯುತ್ತದೆ. ಸರಿಯಾಗಿ ಹೊಡೆದರೆ ಮಾತಾಡದೆ ಒಳಗೆ ಕರೆದು ಮತ್ತೆ ಆಚೆ ದಬ್ಬುತ್ತದೆ. ಎರಡೂ ಒಂದೇ ಅಲ್ಲ. ಇದನ್ನು ನಾನು ಆ ದಿನ ನಾಲ್ಕು ಸಲ ಹೇಳಿದೆ. ಅವರೆಕಾಯಿ ಸುಲಿಯುವವಳ ಮಾತು ಯಾರಿಗೆ ಬೇಕು.

ಮಗ ಬಂದವನೇ, ಪಾಸ್‌ವರ್ಡ್ ಮರೆತಿದ್ದಾಳೆ ಎಂದ. ಮನೆಯವರೆಲ್ಲರ ಹುಟ್ಟಿದ ದಿನ ಹೊಡೆಸಿದ, ಸತ್ತ ಎತ್ತಿನ ಹೆಸರನ್ನೂ ಹೊಡೆಸಿದ. ಅದು ಪ್ರತಿ ಸಲವೂ ಬೈಯಿತು. ಆಮೇಲೆ ದೇವರ ಗೂಡಿನಿಂದ ವಿಭೂತಿ ತಂದು ಕಂಪ್ಯೂಟರಿನ ಡಬ್ಬದ ಮೇಲೆ ಮೂರು ಪಟ್ಟೆ ಎಳೆದ. ಸೊಸೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಮನೆಯೆಲ್ಲ ಕೆಮ್ಮು. ವಿಭೂತಿಗೆ ನನ್ನ ತಕರಾರಿಲ್ಲ, ದಿನಾ ನಾನೂ ಇಡುತ್ತೇನೆ. ಹಣೆಗೆ ಇಡುತ್ತೇನೆ.

ಮಧ್ಯಾಹ್ನ ಪೇಟೆಯಿಂದ ಮೊಬೈಲ್ ರಿಪೇರಿಯವನನ್ನು ಕರೆಸಿದ. ಅವನು ಕೂರಲೂ ಇಲ್ಲ. ಮೂರು ಸಲ ಆರಿಸಿ ಹಾಕಿದ, ಕಾಫಿ ಕುಡಿದ, ಇದು ಲಿನಕ್ಸಾ ಎಂದು ಮೂಗು ಮುರಿದ.

"ಇದು ಆಗಲ್ಲ ಸಾರ್. ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕ್ಬುಡ್ತೀನಿ, ಜುಮ್ ಅಂತ ಓಡ್ತದೆ" ಎಂದ.

"ಒಳಗಿರೋದು?" ಎಂದೆ.

"ಒಳಗಿರೋದೆಲ್ಲ ಹೋಯ್ತದೆ ಅಜ್ಜಿ. ಬ್ಯಾರೆ ದಾರಿ ಇಲ್ಲ."

"ಹಂಗಾರೆ ನೀನ್ಯಾಕಪ್ಪ ಬೇಕು? ಬಾವಿಗೆ ಹಾಕಿದ್ರೂ ಹೋಯ್ತದೆ."

ಮೊಮ್ಮಗಳು ಡಬ್ಬದ ಮುಂದೆ ಬಂದು ನಿಂತಳು. ಅವಳ ಅಪ್ಪ ಆಗ ಬಾಯಿಬಿಟ್ಟ. ಮಗಳ ಎಂಟು ತಿಂಗಳು ಏನಾಗುತ್ತದೆ ಎಂದು ಕೇಳಲಿಲ್ಲ. ಕ್ಯಾಮೆರಾದ್ದು ಉಳಿಯುತ್ತದೆಯೇ ಎಂದು ಕೇಳಿದ. ರಿಪೇರಿಯವನು ಅದನ್ನು ಬೇರೆ ತೆಗೆದುಕೊಡುತ್ತೇನೆ ಎಂದ. ಅದು ತೆಗೆಯಲು ಬರುವುದಾದರೆ ಇದೂ ಬರಬೇಕಲ್ಲ ಎಂದು ನಾನು ಕೇಳಿದೆ. ಅದು ವಿಡಿಯೋ, ಇದು ಫೈಲು, ಬೇರೆ ಬೇರೆ ಎಂದ. ಅವನಿಗೆ ಎರಡೂ ಗೊತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಭಾನುವಾರ ಬೆಳಿಗ್ಗೆ ಅಂಗಡಿಗೆ ತಂದುಕೊಡಿ ಎಂದು ಹೇಳಿ ಹೊರಟ.

ಆ ಲ್ಯಾಬಿನ ಹೆಂಗಸಿಗೆ ಯಾಕೆ ಫೋನ್ ಮಾಡಲಿಲ್ಲ ಎಂದು ಮೊಮ್ಮಗಳನ್ನು ಕೇಳಿದೆ. ರಜೆಯ ದಿನ ಮೇಡಂಗೆ ತೊಂದರೆ ಕೊಡುವುದು ಹೇಗೆ ಎಂದಳು. ಇಷ್ಟು ಓದಿದರೂ ಈ ನಾಚಿಕೆ ಹೋಗಿಲ್ಲ. ವರ್ಷ ಹೋದರೂ ಸರಿ, ಮೇಡಂ ಬೇಜಾರು ಮಾಡಿಕೊಳ್ಳಬಾರದಂತೆ.

ಭಾನುವಾರ ತಿಂಡಿಯಾದ ಮೇಲೆ ಮಗ ಡಬ್ಬವನ್ನು ಬೈಕಿಗೆ ಕಟ್ಟಲು ಹಗ್ಗ ತಂದ. ನಾನು ಕುರ್ಚಿ ಎಳೆದುಕೊಂಡು ಆ ಡಬ್ಬದ ಮೇಲೆ ಎರಡೂ ಕಾಲಿಟ್ಟು ಕೂತೆ. ಏಳಮ್ಮ ಎಂದ. ಮಂಡಿ ನೋವು ಎಂದೆ. ಮೊಮ್ಮಗಳಿಗೆ, ಈಗ ಫೋನ್ ಮಾಡು, ಮಾಡುವವರೆಗೆ ನಾನು ಕಾಲು ತೆಗೆಯುವುದಿಲ್ಲ ಎಂದೆ. ಮಾಡಿದಳು. ಎರಡನೇ ರಿಂಗಿಗೆ ಅವರು ಎತ್ತಿದರು. ಬೇಜಾರೂ ಇಲ್ಲ, ಏನೂ ಇಲ್ಲ, ಬಟ್ಟೆ ಒಗೆಯುತ್ತಿದ್ದರಂತೆ.

ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅವರು ಮೊದಲು ಕೇಳಿದ್ದೇ ಇದು: ಪಾಸ್‌ವರ್ಡ್ ತಪ್ಪು ಅಂತ ಹೇಳುತ್ತದೋ, ಹೇಳದೆ ವಾಪಸ್ ಬರುತ್ತದೋ? ಮೊಮ್ಮಗಳು ನನ್ನ ಮುಖ ನೋಡಿದಳು. ಸರಿಯಾಗಿ ಹೊಡೆದರೆ ಹೇಳದೆ ವಾಪಸ್ ಬರುತ್ತದೆ ಎಂದು ನಾನು ಹೇಳಿದೆ. ಹಾಗಾದರೆ ಪಾಸ್‌ವರ್ಡ್ ಸರಿಯಾಗಿಯೇ ಇದೆ, ಚಿತ್ರದ ಪರದೆ ತೆರೆಯಲು ಏನೋ ಅಡ್ಡಿ ಇದೆ, ಒಳಗೆ ಹೋಗಲು ಬೇರೆ ಬಾಗಿಲಿದೆ ಎಂದರು. ಕೀಲಿಮಣೆಯ ಮೂರು ಗುಂಡಿ ಒಟ್ಟಿಗೆ ಒತ್ತಲು ಹೇಳಿದರು: ಕಂಟ್ರೋಲು, ಆಲ್ಟು, ಮೇಲಿನ ಸಾಲಿನ ಎಫ್ ಮೂರು. ಒತ್ತಿದಳು. ಬಣ್ಣವೆಲ್ಲ ಹೋಗಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಬಿಳಿ ಅಕ್ಷರ ಬಂತು. ಮಗ, ಈಗ ಪೂರಾ ಹೋಯಿತು ಎಂದ.

ಹೆಸರು ಹೊಡೆದಳು. ಪಾಸ್‌ವರ್ಡ್ ಹೊಡೆಯಲು ಹೋದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಅಲ್ಲಿ ಅದು ಕಾಣುವುದೇ ಇಲ್ಲ, ಹೊಡೆಯುತ್ತಾ ಹೋಗು ಎಂದರು ಆ ಹೆಂಗಸು. ಹೊಡೆದಳು. ಒಳಗೆ ಬಿಟ್ಟಿತು. ಅವಳ ಕೈಲಿ ಏನೋ ಬರೆಸಿದರು, ಸಾಲುಸಾಲು ಹೆಸರು ಬಂದವು. ಅದರಲ್ಲಿ ಒಂದರ ಮೇಲೆ ಬೆರಳಿಟ್ಟು, ಇದೇ ಅಜ್ಜಿ ನನ್ನ ವರದಿ ಎಂದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ, ಆಗ ಅತ್ತಳು. ಅಳುವುದಾದರೆ ಆಮೇಲೆ ಅಳು, ಫೋನಿನ ಚಾರ್ಜ್ ಹೋಗುತ್ತದೆ ಎಂದೆ.

ಇನ್ನೊಂದು ಬರೆಸಿದರು. ಒಳಗೆ ಎಷ್ಟು ಜಾಗ ತುಂಬಿದೆ ಎಂದು ಅದು ತೋರಿಸುತ್ತದಂತೆ. ಇಂಗ್ಲಿಷ್ ಬಾರದಿದ್ದರೂ ಅಂಕಿ ನನಗೆ ಬರುತ್ತದೆ. ನೂರು ಎಂದಿತ್ತು. ನೂರಕ್ಕೆ ನೂರು. ಚಿತ್ರದ ಪರದೆ ತೆರೆಯುವ ಮೊದಲು ಅದು ಒಂದಿಷ್ಟು ಬರೆದುಕೊಳ್ಳಬೇಕಂತೆ. ಬರೆಯಲು ಅಂಗೈಯಗಲ ಜಾಗವಿಲ್ಲ, ಅದಕ್ಕೇ ಆಚೆ ದಬ್ಬುತ್ತಿತ್ತು. ತುಂಬಿರುವುದು ಯಾವುದು ಎಂದು ಹುಡುಕಿಸಿದರು. ಅಟ್ಟದ ಕ್ಯಾಮೆರಾದ್ದು. ಹಳೆಯದನ್ನು ಅಳಿಸಿದರೆ ಸಾಕು, ಬೇಕಾದರೆ ಈ ವಾರದ್ದು ಉಳಿಸಿಕೊಳ್ಳಿ ಎಂದರು.

"ಒಂದೂ ಅಳಿಸ್ಬ್ಯಾಡ" ಎಂದ ಮಗ. "ಕಾಯಿ ಇಳಿಸೋ ಗಂಟ ಸಾಕ್ಷಿ ಇರ್ಬೇಕು."

ಮೊಮ್ಮಗಳು ಕೀಲಿಮಣೆಯಿಂದ ಕೈ ತೆಗೆದಳು. ಫೋನಿನಲ್ಲಿದ್ದ ಹೆಂಗಸು, ಮನೆಯವರು ಮಾತಾಡಿಕೊಳ್ಳಿ, ನಾನು ಕಾಯುತ್ತೇನೆ ಎಂದರು. ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಇಷ್ಟು ದಿನದಾಗೆ ಅದ್ರಲ್ಲಿ ಏನ್ ಕಂಡೆ ಹೇಳ್ಲಾ" ಎಂದೆ.

ಪೂರ್ತಿ ನೋಡಿಲ್ಲ, ಒಂದು ದಿನದ್ದು ನೋಡಿದ್ದೀನಿ ಎಂದ.

"ಅದ್ರಲ್ಲಿ ಏನಿತ್ತು?"

"ಬೆಕ್ಕು."

"ಆಮೇಲೆ?"

"ನಾನು" ಎಂದ. ಮಧ್ಯಾಹ್ನದ ಹೊತ್ತು ಅಟ್ಟ ಹತ್ತಿ ಕಾಯಿಯ ಮೇಲೆ ಗೋಣಿ ಹಾಸಿಕೊಂಡು ಮಲಗುವುದು ಅವನ ರೂಢಿ. ಅಡುಗೆಮನೆಯಲ್ಲಿ ಸೊಸೆ ನಕ್ಕಳು. ತೋಟದಲ್ಲಿ ಕೆಲಸವೆಂದು ಹೇಳಿ ಹೋಗುತ್ತಿದ್ದವನು.

"ಬೆಕ್ಕೂ ನೀನೂ ಮಲಗಿರೋದ ಕಾಪಾಡಕ್ಕೆ ಅವ್ಳು ಓದು ಬುಡ್ಬೇಕೇನ್ಲಾ? ತೋಟ ನನ್ನ ಹೆಸರಲ್ಲೈತೆ, ಅಟ್ಟನೂ ನಂದೇ. ಕಳ್ಳ ಬಂದಿದ್ರೆ ನನ್ನ ಕಾಯಿ ಹೋಗಿರ್ತದೆ, ನಾನು ಹೋಗ್ಲಿ ಅಂತೀನಿ. ಅಳ್ಸು ಕಣೇ."

ಅವನು ಹಗ್ಗ ಎತ್ತಿಕೊಂಡು ದನ ಬಿಚ್ಚಲು ಹೋದ.

ಇಲ್ಲಿ ಅಳಿಸಿದ್ದು ಮತ್ತೆ ಬರುವುದಿಲ್ಲ, ಗುಂಡಿ ಒತ್ತುವ ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದು ಎಂದರು ಆ ಹೆಂಗಸು. ಮೊಮ್ಮಗಳು ಒಂದೊಂದೇ ಅಕ್ಷರ ಬಿಡಿಸಿ ಎರಡು ಸಲ ಓದಿದಳು. ಸರಿ ಎಂದ ಮೇಲೆ ಒತ್ತಿದಳು. ಪರದೆ ಏನೂ ಹೇಳಲಿಲ್ಲ. ಮತ್ತೆ ಜಾಗ ನೋಡಿದರೆ ನೂರು ಇದ್ದದ್ದು ಮೂವತ್ತೊಂದಕ್ಕೆ ಇಳಿದಿತ್ತು. ಹಾಗೇ ಕ್ಯಾಮೆರಾದ ವೈರನ್ನೂ ಕೀಳಿಸಿದರು. ಹಳೆಯ ಬಾಗಿಲಿಗೆ ವಾಪಸ್ ಹೋಗಿ ಪಾಸ್‌ವರ್ಡ್ ಹೊಡೆದಳು. ಕಪ್ಪಾಯಿತು. ಆಮೇಲೆ ತೆರೆಯಿತು. ನಲವತ್ತು ಮರದ ಲೆಕ್ಕವೂ ಹಾಗೇ ಇತ್ತು.

ಫೋನ್ ಇಡುವ ಮೊದಲು ಆ ಹೆಂಗಸು ಒಂದು ಮಾತು ಬೈದರು: ಎಂಟು ತಿಂಗಳ ಕೆಲಸಕ್ಕೆ ಇನ್ನೊಂದು ಕಾಪಿ ಇಲ್ಲವೇ ಎಂದು. ಮೊಮ್ಮಗಳು ನೋಟ್‌ಬುಕ್ಕಿನ ವಿಷಯ ಹೇಳಲಿಲ್ಲ. ನಾನೇ ಹೇಳಿದೆ, ಒಲೆಗೆ ಹಾಕಿದ್ದು ನಾನು ಎಂದು. ಅವರು ನಕ್ಕು, ಪೆನ್‌ಡ್ರೈವ್ ಒಲೆಗೆ ಹಾಕಬೇಡಿ ಅಜ್ಜಿ ಎಂದರು. ಅವರ ಮೇಲೆ ನನಗೆ ಗೌರವ ಬಂತು.

ಸಂಜೆ ರಿಪೇರಿಯವನು ಫೋನ್ ಮಾಡಿದಾಗ ಮಗ, ಅದು ತಾನಾಗಿಯೇ ಸರಿಹೋಯಿತು ಎಂದ. ನಾನು ಅಲ್ಲೇ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೊಮ್ಮಗಳ ಜೊತೆ ನಾನೂ ಹೊರಟೆ. ವರದಿ ತುಂಬಿಸಿಕೊಂಡ ಪೆನ್‌ಡ್ರೈವ್ ನನ್ನ ಎಲೆಯಡಿಕೆ ಚೀಲದಲ್ಲಿತ್ತು. ಬೈಕಿನಲ್ಲಿ ಬಿಡುತ್ತೇನೆ ಎಂದ ಮಗನಿಗೆ ಹೋಗಿ ಅಟ್ಟ ಕಾಯು ಎಂದೆ. ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಹಾಳೆ ಒಂದೊಂದೇ ನಾನೇ ಜೋಡಿಸಿ, ಹತ್ತು ಗಂಟೆಗೆ ಕಾಲೇಜು ಮುಟ್ಟಿದೆವು. ಅವಳು ಒಳಗೆ ಹೋದಳು, ನಾನು ಹೊರಗೆ ಬೆಂಚಿನ ಮೇಲೆ ಕೂತೆ. ವರದಿ ಬಂದಿದೆ ಎಂದು ಸೀಲು ಒತ್ತಿದ ಚೀಟಿ ಹಿಡಿದುಕೊಂಡು ಬಂದು ನನ್ನ ಕೈಗೆ ಕೊಟ್ಟಳು. ಶಾಯಿ ಇನ್ನೂ ಒದ್ದೆಯಿತ್ತು. ಅದು ಒಣಗುವವರೆಗೆ ಮಡಿಸದೆ ಹಿಡಿದುಕೊಂಡು ಕೂತಿದ್ದು, ಆಮೇಲೆ ಎದ್ದೆ.